ಮಗುಚಿಟ್ಟ ಎಸಳು

ಆಲ್ಡರ್‌ಲೋ, ಡರ್ಬಿಶೈರ್
೨ ಫೆಬ್ರವರಿ ೧೯೮೬

ಪ್ರೀತಿಯ ತಂಗಿ ಡೋರಾ,

ನಿನ್ನ ಮೊಣಕಾಲು ಹೇಗಿದೆ? ಸಿರಿಲನ ಕಣ್ಣು ನೋಡಿದ ಹೊಸ ಡಾಕ್ಟರು ಏನಂದರು? ಕಿಟಕಿಯ ಬೆಳಕಾದರೂ ಕಾಣುತ್ತದೆಯಂತೆಯೇ ಅವನಿಗೆ? ಮಗಳು ಪಾಲಿನ್‌ಳ ಕೆಮ್ಮು ಬಿಟ್ಟಿತೇ? ಮೊಮ್ಮಗಳು ಮಾರ್ಗೊಗೆ ಹಲ್ಲು ಬಂತೇ? ಒಬ್ಬೊಬ್ಬರದನ್ನೂ ಬಿಡಿಸಿ ಬರೆ. ಎಲ್ಲರನ್ನೂ ಒಂದೇ ಸಾಲಿನಲ್ಲಿ ಕಟ್ಟಿಹಾಕಿ ಮುಗಿಸಬೇಡ.

ನನ್ನದು ಎಂದಿನಂತೆ. ಚಳಿಗೆ ಬೆರಳು ಸೆಟೆದುಕೊಳ್ಳುತ್ತದೆ, ಒಲೆಯ ಪಕ್ಕ ಕೂತರೆ ಸಡಿಲವಾಗುತ್ತದೆ.

ಪುಸ್ತಕ ಬಂತು ಕಣೇ! ಪೋಸ್ಟ್‌ಮ್ಯಾನ್ ಪೆಟ್ಟಿಗೆಯನ್ನು ಬಾಗಿಲಲ್ಲಿಟ್ಟು, "ಏನಮ್ಮ, ಇಟ್ಟಿಗೆ ತರಿಸ್ಕೊಂಡ್ರಾ?" ಅಂದ. ಬಿಚ್ಚಿದರೆ ಮೇಲೆ ನನ್ನ ಹೆಸರು. ಇಷ್ಟು ವರ್ಷ ಶಾಲೆಯ ಮಕ್ಕಳಿಗೆ ಗಂಜಿ, ಕಡುಬು ಬಡಿಸಿದ ಕೈ, ಹದಿನಾಲ್ಕಕ್ಕೇ ಶಾಲೆ ಬಿಟ್ಟ ಕೈ ಇದು. ರಟ್ಟಿನ ಮೇಲಿನ ಹುಡುಗಿಗೆ ಕೆಂಪು ಟೋಪಿ ಹಾಕಿದ್ದಾರೆ; ನಾನು ಬರೆದದ್ದು ಹುಲ್ಲಿನ ಟೋಪಿ. ಹೋಗಲಿ ಬಿಡು. ಕಥೆ ನೂರ ಎಪ್ಪತ್ತು ವರ್ಷದ ಹಿಂದಿನದು. ನಮ್ಮೂರಿನಂಥದೇ ಊರು, ಲೆಟ್ಟಿ ಎನ್ನುವ ಗಿರಣಿಯವನ ಮಗಳು, ಅವಳನ್ನು ಮೆಚ್ಚಿದ ಇಬ್ಬರು. ಯಾರೂ ಸಾಯುವುದಿಲ್ಲ, ಯಾರೂ ಬಾಗಿಲು ಒದೆಯುವುದಿಲ್ಲ. ಮಲಗುವ ಮುಂಚೆ ಓದಿದರೆ ಒಳ್ಳೆಯ ನಿದ್ದೆ ಬರಬೇಕು, ಅಷ್ಟೇ ನನ್ನ ಆಸೆ.

ನಿನ್ನ ಪ್ರತಿಯನ್ನು ಕಾಗದ ಸುತ್ತಿ ಹಿಟ್ಟಿನ ಡಬ್ಬದ ಪಕ್ಕ ಇಟ್ಟಿದ್ದೇನೆ. ಅಂಚೆಗೆ ಹಾಕಲು ಇನ್ನೂ ಆಗಿಲ್ಲ. ಮಳೆ ಬೇರೆ, ಪಾರ್ಸೆಲು ನೆನೆದರೆ ಏನು ಗತಿ? ಅವಸರವೇನಿಲ್ಲ ಅಲ್ಲವೇ.

ಮಹಿಳಾ ಸಂಘದವರು ನಾನು ಬಂದು ಮಾತಾಡಬೇಕು ಎಂದಿದ್ದಾರೆ. ವಿಷಯ: 'ನನ್ನ ಕಥೆ ಎಲ್ಲಿಂದ ಬಂತು.' ಏನು ಹೇಳಲಿ ಎಂದು ತಲೆ ಕೆಡಿಸಿಕೊಂಡು ಕೂತಿದ್ದೇನೆ.

ನಿನ್ನ ಅಕ್ಕ,
ಹೆಪ್ಸಿ

*

ಸ್ಕಾರ್ಬರೋ
೨೩ ಫೆಬ್ರವರಿ ೧೯೮೬

ಪ್ರೀತಿಯ ಅಕ್ಕಾ,

ಬಿಡಿಸಿ ಬರೆಯುತ್ತೇನೆ, ತಗೋ. ನನ್ನ ಮೊಣಕಾಲು ಮೆಟ್ಟಿಲು ಕಂಡರೆ ಮಾತ್ರ ಮುನಿಯುತ್ತದೆ. ಪಾಲಿನ್ ವಾಸಿ. ಮಾರ್ಗೊಗೆ ಕೆಳಗಿನ ಹಲ್ಲು ಬಂದು ಎಲ್ಲರನ್ನೂ ಕಚ್ಚುತ್ತಿದ್ದಾಳೆ. ಸಿರಿಲನ ಕಣ್ಣಿಗೆ ಇನ್ನು ಮಾಡುವುದೇನೂ ಇಲ್ಲ ಎಂದರು ಡಾಕ್ಟರು. ಬೆಳಕು, ನೆರಳು, ಅಷ್ಟೇ. ಅವನು, "ಹೋಗ್ಲಿ ಬಿಡೇ, ನಿನ್ ಮುಖ ಬಾಯಿಪಾಠ ಆಗಿದೆ" ಅಂದ.

ನಿನ್ನ ಪಾರ್ಸೆಲಿಗೆ ಕಾದು ಸಾಕಾಗಿ ನಾನೇ ಲೈಬ್ರರಿಗೆ ಹೋದೆ. "ಇದು ನಮ್ಮಕ್ಕ ಬರ್ದಿದ್ದು ಕಣ್ರೀ" ಎಂದು ಕೌಂಟರಿನವಳಿಗೆ ಹೇಳಿದೆ. "ಹೌದೇನ್ರೀ? ಆದ್ರೂ ಮೂರು ವಾರಕ್ಕೆ ವಾಪಸ್ ತರ್ಬೇಕು" ಅಂದಳು!

ದಿನಾ ಚಹಾ ಆದ ಮೇಲೆ ಸಿರಿಲನಿಗೆ ಒಂದು ಅಧ್ಯಾಯ ಓದಿ ಹೇಳುತ್ತಿದ್ದೇನೆ. ನಾಲ್ಕು ಮುಗಿಯಿತು. ಅಕ್ಕಾ, ಎಷ್ಟು ಚೆನ್ನಾಗಿ ಬರೆದಿದ್ದೀಯೇ. ಗಿರಣಿಯ ಹಿಂದಿನ ಆ ಕೊಳ ಓದುವಾಗ ನನಗೆ ನಮ್ಮೂರ ನೀರಿನ ವಾಸನೆಯೇ ಬಂತು. ಸಿರಿಲನಿಗೆ ಮಾತ್ರ ಜೊಸಾಯನ ಹುಚ್ಚು ಹಿಡಿದಿದೆ, ಆ ಮೇಣದಬತ್ತಿ ಮಾಡುವವನು. ಲೆಟ್ಟಿಯನ್ನು ನೋಡಲು ಬಂದು, ಟೋಪಿಯನ್ನು ತೊಡೆಯ ಮೇಲಿಟ್ಟು ಬೆಕ್ಕನ್ನು ಸವರಿದ ಹಾಗೆ ಸವರುತ್ತಾ ಕೂತು, ಕೊನೆಗೆ 'ಇವತ್ತು ಗಾಳಿ ಇದೆ' ಎಂದಷ್ಟೇ ಹೇಳಿ ಎದ್ದು ಹೋಗುತ್ತಾನಲ್ಲ, ಅಲ್ಲಿ ಸಿರಿಲನಿಗೆ ನಕ್ಕು ನಕ್ಕು ಬಿಕ್ಕಳಿಕೆ ಬಂತು.

"ಇಂಥ ಪೆದ್ದ ಎಲ್ಲಿ ಸಿಕ್ದನೇ ನಿಮ್ಮಕ್ಕಂಗೆ? ಓದು ಓದು, ಆ ಹುಡುಗಿ ಅವ್ನ ಟೋಪಿಗೆ ಹಾಲು ಇಡ್ತಾಳೇನೋ ನೋಡೋಣ!"

ಮೇ ತಿಂಗಳ ಬಾವಿ ಸಿಂಗಾರದ ಹಬ್ಬಕ್ಕೆ ಎಂದಿನಂತೆ ಬರುತ್ತೇವೆ. ಹಲಗೆಗೆ ಮೆತ್ತಿದ ಹಸಿಮಣ್ಣಿನ ಮೇಲೆ ಹೂವಿನ ಎಸಳಿನಿಂದ ಚಿತ್ರ ಕಟ್ಟಿ ಊರ ಬಾವಿಯ ಬಳಿ ನಿಲ್ಲಿಸುವುದೆಂದರೆ ನನಗೆ ಇಂದಿಗೂ ಸಡಗರ; ಎಸಳು ಅಂಟಿಸುವ ಬೆಂಚಿನಲ್ಲಿ ನನಗೊಂದು ಜಾಗ ಹಿಡಿದಿಡು.

ನಿನ್ನ ಡೋರಾ

*

ಆಲ್ಡರ್‌ಲೋ
೧ ಮಾರ್ಚ್ ೧೯೮೬

ಪ್ರೀತಿಯ ಡೋರಾ,

ಡಾಕ್ಟರ ಮಾತು ಓದಿ ಎದೆ ಭಾರವಾಯಿತು. ಸಿರಿಲನಿಗೆ ನನ್ನ ನೆನಪು ಹೇಳು.

ಅವನಿಗೆ ಹಡಗಿನ ಕಥೆಗಳೆಂದರೆ ಪ್ರಾಣ. ಅಂಥದೇನಾದರೂ ತಂದು ಓದಬಾರದೇ? ನನ್ನದು ಹೆಂಗಸರ ಕಥೆ. ನಾಲ್ಕು ಅಧ್ಯಾಯದವರೆಗೆ ಪರವಾಗಿಲ್ಲ, ಆಮೇಲೆ ಸಪ್ಪೆ. ಎಂಟರಿಂದಾಚೆಗೆ ನನಗೇ ಬೇಸರ ಬರುತ್ತದೆ. ಅಕ್ಷರವೂ ಸಣ್ಣ, ನಿನ್ನ ಕಣ್ಣನ್ನಾದರೂ ಜೋಪಾನ ಮಾಡಿಕೋ. ನಿಜವಾಗಿ ಹೇಳುತ್ತಿದ್ದೇನೆ, ಸುಮ್ಮನೆ ವಾಪಸು ಕೊಟ್ಟುಬಿಡು.

ಸಂಘದ ಮಾತು ಮುಗಿಯಿತು. ಚರ್ಚಿನ ಹಿತ್ತಲ ಸಮಾಧಿ ಕಲ್ಲುಗಳ ಮೇಲಿನ ಹಳೆಯ ಹೆಸರುಗಳಿಂದ ಕಥೆ ಹುಟ್ಟಿತು ಎಂದೆ. ಮ್ಯೂಸಿಯಮ್ಮಿನ ಗಾಜಿನೊಳಗೆ ಕಂಡ ಒಂದು ಜೊತೆ ಕೈಗವಸಿನಿಂದ ಎಂದೆ. ಅಜ್ಜಿ ಹೇಳುತ್ತಿದ್ದ ಹಳೆಯ ಮಾತುಗಳಿಂದ ಎಂದೆ. ಎಲ್ಲರೂ ತಲೆಯಾಡಿಸಿದರು. ನಮ್ಮಜ್ಜಿ ಬೈಗುಳ ಬಿಟ್ಟು ಇನ್ನೇನೂ ಹೇಳಿದವಳಲ್ಲ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಕೊನೆಯಲ್ಲಿ ಇನ್ನೊಂದು ಮಾತು ನಡೆಯಿತು. ಅದನ್ನು ಕಾಗದದಲ್ಲಿ ಬರೆಯಲಾರೆ.

ಪುಸ್ತಕ ವಾಪಸು ಕೊಟ್ಟೆ ಎಂದು ಒಂದು ಸಾಲು ಬರೆ.

ಹೆಪ್ಸಿ

*

ಸ್ಕಾರ್ಬರೋ
೨ ಏಪ್ರಿಲ್ ೧೯೮೬

ಅಕ್ಕಾ,

ಎಲ್ಲರೂ ಚೆನ್ನಾಗಿದ್ದೇವೆ.

ಒಂಬತ್ತನೆಯ ಅಧ್ಯಾಯ ಓದಿ ತಿಂಗಳಾಗುತ್ತ ಬಂತು, ಬರೆಯಲು ಮನಸ್ಸು ಬರಲಿಲ್ಲ. ಬೇಡ ಎಂದು ಏಕೆ ಹೇಳಿದೆ ಎಂಬುದು ಆಗ ಗೊತ್ತಾಯಿತು.

ಅಮ್ಮ ತೀರಿಕೊಂಡ ದಿನ ಅವಳ ದೇಹ ಮುಂದಿನ ಕೋಣೆಯಲ್ಲಿತ್ತು. ನಾವಿಬ್ಬರೇ ಅಡುಗೆಮನೆಯಲ್ಲಿ ನಿಂತು, ಬರುವವರಿಗೆಂದು ರೊಟ್ಟಿಗೆ ಬೆಣ್ಣೆ ಹಚ್ಚುತ್ತಿದ್ದೆವು. ಆಗ ನಾನು ನಿನಗೆ ಹೇಳಿದ್ದು ಅದು. ಜನ್ಮದಲ್ಲಿ ಒಬ್ಬರಿಗೇ ಹೇಳಿದ್ದು. ಸಿರಿಲನೊಂದಿಗೆ ನನ್ನ ಮದುವೆ ಗೊತ್ತಾಗಿದ್ದ ವರ್ಷ, ಬಾವಿ ಸಿಂಗಾರದ ಹೊತ್ತಿಗೆ, ನನ್ನನ್ನು ಮೆಚ್ಚಿದ್ದ ಇನ್ನೊಬ್ಬ, ವಿಲ್ಫ್, ನನ್ನ ಕಿವಿಯಲ್ಲಿ ಹೇಳಿದ: 'ನನ್ ಜೊತೆ ಬರೋದಾದ್ರೆ ಹಲಗೆ ಚಿತ್ರದಲ್ಲಿರೋ ದೇವಮಾತೆಯ ಸೆರಗಿನಂಚಲ್ಲಿ ಒಂದೇ ಒಂದು ನೀಲಿ ಎಸಳು ಮಗುಚಿಡು. ಹಲಗೆ ಎತ್ತಿ ನಿಲ್ಸೋವಾಗ ನೋಡ್ತೀನಿ.' ಎಸಳನ್ನು ಕೆಳಗಿನಿಂದ ಮೇಲಕ್ಕೆ ಹಂಚಿನ ಹಾಗೆ ಹೊದಿಸದಿದ್ದರೆ ಮಳೆನೀರು ನಿಂತು ಕೊಳೆಯುತ್ತದೆಂದು ನಮ್ಮೂರಿನಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಮಗುಚಿಟ್ಟದ್ದು ತಪ್ಪಿ ಇಟ್ಟದ್ದಾಗಲು ಸಾಧ್ಯವಿರಲಿಲ್ಲ. ನಾನು ಮಗುಚಿಟ್ಟೆ. ಅವನು ಬರುವ ಮುಂಚೆ ಹೋಗಿ ತಿರುಗಿಸಿ ಸರಿಯಾಗಿ ಇಟ್ಟೆ. ವಿಲ್ಫ್ ಒಬ್ಬನೇ ರೈಲು ಹತ್ತಿ ಷೆಫೀಲ್ಡಿಗೆ ಹೋದ. ಅಲ್ಲಿಗೆ ಮುಗಿಯಿತು.

ನಿನ್ನ ಲೆಟ್ಟಿ ತಿರುಗಿಸುವುದಿಲ್ಲ. ಎಸಳನ್ನು ಹಾಗೆಯೇ ಉಳಿಸಿ, ಜೊಸಾಯನನ್ನು ಬಿಟ್ಟು ಇನ್ನೊಬ್ಬನ ಜೊತೆ ಹೊರಟುಹೋಗುತ್ತಾಳೆ. ಕುರಿಮರಿ ಕುಣಿಯುತ್ತದೆ, ಬಿಸಿಲು ಬರುತ್ತದೆ.

ಅದನ್ನು ಗಟ್ಟಿಯಾಗಿ ಹೇಗೆ ಓದಲಿ? ಮೊದಲ ಸಾಲು ಓದಿ, ಆಮೇಲೆ ಬಾಯಿಗೆ ಬಂದದ್ದು ಕಟ್ಟಿ ಹೇಳತೊಡಗಿದೆ. ಲೆಟ್ಟಿಯ ಚಿಕ್ಕಮ್ಮನಿಗೆ ಜ್ವರ ಬರಿಸಿದೆ. ಗಿರಣಿಗೆ ಇಲಿ ತಂದೆ. ಸಿರಿಲ್ ಕೇಳುತ್ತಾ ಕೂತಿದ್ದವನು, "ಡೋರಾ, ಹಾಳೆ ತಿರುಗ್ಸೋ ಸದ್ದೇ ಇಲ್ವಲ್ಲೇ" ಅಂದ.

"ಉದ್ದದ ಪುಟ" ಅಂದೆ.

"ಎಷ್ಟುದ್ದ? ಹಾಸಿಗೆ ಹೊದಿಕೆಯಷ್ಟಾ?"

ನಗಲು ಹೋಗಿ ತಲೆಯೆತ್ತಿದೆ. ಅವನ ಟೋಪಿ ತೊಡೆಯ ಮೇಲಿತ್ತು. ಕೈ ಅದನ್ನು ಸವರುತ್ತಿತ್ತು. ಇಷ್ಟು ವರ್ಷ ನೋಡಿದ ಕೈ ಅಕ್ಕಾ, ನಾನೂ ಅವನ ಜೊತೆ ಕೂತು ಜೊಸಾಯನನ್ನು ನೋಡಿ ನಕ್ಕಿದ್ದೇನೆ.

ಅಮ್ಮ ಹಾಸಿಗೆ ಹಿಡಿದಾಗ ದಿನಾ ಎತ್ತಿಕೊಂಡು ಕಿಟಕಿಯ ಬಳಿ ಕೂರಿಸುತ್ತಿದ್ದವನು ಯಾರು? ನಿನ್ನ ಛಾವಣಿ ಕುಸಿದಾಗ ಬಂದು ಏಣಿ ಹತ್ತಿದವನು ಯಾರು? ಒಂದೇ ಒಂದು ಪ್ರಶ್ನೆಗೆ ಉತ್ತರ ಹೇಳು. ನಾನು ಹೋಗಬೇಕಿತ್ತು ಎಂದು ನಿನಗೆ ಅನ್ನಿಸುತ್ತಿತ್ತೇ? ಪ್ರತಿ ಸಲ ನಮ್ಮ ಮೇಜಿನಲ್ಲಿ ಕೂತು ಉಣ್ಣುವಾಗಲೂ?

ಪುಸ್ತಕ ವಾಪಸು ಕೊಟ್ಟಿದ್ದೇನೆ. ಬಾವಿ ಸಿಂಗಾರಕ್ಕೆ ನಾವು ಬರುವುದಿಲ್ಲ.

ಡೋರಾ

*

ಆಲ್ಡರ್‌ಲೋ
೬ ಏಪ್ರಿಲ್ ೧೯೮೬

ಡೋರಾ,

ನಿನ್ನ ಕಾಗದವನ್ನು ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ. ತಪ್ಪಾಯಿತು ಎಂದು ಬರೆದು ನೋಡಿದೆ. ಬಹಳ ಸಣ್ಣ ಮಾತಾಗಿ ಕಂಡಿತು. ಆದರೂ ಮೊದಲು ಅದೇ ಇರಲಿ: ತಪ್ಪಾಯಿತು.

ನೀನು ಹೋಗಬೇಕಿತ್ತು ಎಂದು ನನಗೆ ಒಂದು ದಿನವೂ ಅನ್ನಿಸಿಲ್ಲ. ಮನಸ್ಸಿನಲ್ಲಿ ಹೋದವಳು ನೀನಲ್ಲ ಕಣೇ, ನಾನು. ಸಂಘದ ಹೆಂಗಸರ ಮುಂದೆ ಸಮಾಧಿ ಕಲ್ಲು, ಕೈಗವಸು ಎಂದೆನಲ್ಲ, ನಿಜ ಇದು: ಬೆಣ್ಣೆ ಹಚ್ಚುತ್ತಾ ನೀನು ಆ ಮಾತು ಹೇಳಿದಾಗ ನನಗೆ ಅಮ್ಮ ಹೋದ ದುಃಖಕ್ಕಿಂತ ಹೊಟ್ಟೆಕಿಚ್ಚು ದೊಡ್ಡದಾಗಿ ಬಂತು. ಒಬ್ಬನು ನಿನಗಾಗಿ ಒಂದು ಎಸಳನ್ನು ಹುಡುಕುತ್ತಾ ಹಲಗೆಯ ಮುಂದೆ ನಿಂತಿದ್ದ. ಇನ್ನೊಬ್ಬನು ನಿನ್ನನ್ನು ಮದುವೆಯಾಗಲು ಕಾದಿದ್ದ. ನೀನು ಬೇಕಾದ್ದನ್ನು ಇಟ್ಟೆ, ಬೇಡವಾದ್ದನ್ನು ತೆಗೆದೆ. ನಾನೂ ಅದೇ ಬೆಂಚಿನಲ್ಲಿ ವರ್ಷವರ್ಷ ಎಸಳು ಅಂಟಿಸಿದವಳು. ನನ್ನದು ಮಗುಚಿದೆಯೋ ನೆಟ್ಟಗಿದೆಯೋ ಎಂದು ನೋಡಿದವರು ಸಿಂಗಾರದ ಉಸ್ತುವಾರಿಯ ಮಿಸೆಸ್ ಬ್ಯಾಗ್‌ಶಾ ಒಬ್ಬರೇ, ಅದೂ ಬೈಯಲು. ಆಗಿನಿಂದಲೂ ಅಡುಗೆ ಮಾಡುವಾಗ, ಪಾತ್ರೆ ತೊಳೆಯುವಾಗ, ನಿನ್ನ ಚಪ್ಪಲಿ ಹಾಕಿಕೊಂಡು ನಾನು ಆ ರೈಲು ಹತ್ತುತ್ತಿದ್ದೆ. ಲೆಟ್ಟಿ ಹುಟ್ಟಿದ್ದು ಹಾಗೆ.

ಇನ್ನು ಸಿರಿಲ್. ಇದನ್ನು ಹೇಗೆ ಬರೆಯಲಿ? ಮೊದಲು ಆ ಪಾತ್ರವನ್ನು ಅವನು ಇರುವ ಹಾಗೆಯೇ ಬರೆದೆ. ಲೆಟ್ಟಿ ಅವನನ್ನು ಬಿಟ್ಟು ಹೊರಡಲೇ ಒಪ್ಪಲಿಲ್ಲ. ಎಷ್ಟು ಸಲ ಬರೆದರೂ ಬಾಗಿಲ ತನಕ ಹೋಗಿ ವಾಪಸು ಬರುತ್ತಿದ್ದಳು. ಅವನು ಒಳ್ಳೆಯವನಾಗಿಯೇ ಉಳಿದಿದ್ದರೆ ನನ್ನ ಕಥೆ ಅಲ್ಲಿಗೇ ನಿಂತುಹೋಗುತ್ತಿತ್ತು. ಅದಕ್ಕೇ ಅವನನ್ನು ಪೆದ್ದನನ್ನಾಗಿ ಮಾಡಿದೆ. ಮೃದುವಾದ ಕಥೆ, ಯಾರಿಗೂ ನೋವಾಗದ ಕಥೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಒಬ್ಬನನ್ನು ತುಳಿದು ಹದ ಮಾಡಿದ ಮಣ್ಣಿನ ಮೇಲೆ ಅಷ್ಟೂ ಎಸಳು ಅಂಟಿಸಿದ್ದೆ.

ಕಾಗದದಲ್ಲಿ ಬರೆಯಲಾರೆ ಎಂದಿದ್ದ ಮಾತನ್ನೂ ಬರೆದುಬಿಡುತ್ತೇನೆ. ನೀನು ಬೇರೆಯವರಿಂದ ಕೇಳಬಾರದು. ನನ್ನ ಮಾತು ಮುಗಿದು ಕೇಕು ಕೊಯ್ಯುತ್ತಿದ್ದಾಗ ಕಸಾಯಿ ಅಂಗಡಿಯ ಎಲ್ಸಿ ಕೂತಲ್ಲಿಂದಲೇ ಕೂಗಿದಳು: "ಹೆಪ್ಸಿ, ಆ ಟೋಪಿ ಸವರೋ ಜೊಸಾಯ ಯಾರು ಅಂತ ನಂಗ್ ಗೊತ್ತಾಗೋಯ್ತು! ನಿಮ್ ಡೋರನ್ ಗಂಡ ಅಲ್ವಾ?" ಇಡೀ ಸಭೆ ಗೊಳ್ಳೆಂದಿತು. 'ಇಲ್ಲ' ಎನ್ನಬಹುದಿತ್ತು. 'ಬಾಯಿ ಮುಚ್ಚೇ' ಎನ್ನಬಹುದಿತ್ತು.

ನಾನೂ ನಕ್ಕೆ, ಡೋರಾ. ಎಲ್ಲರ ಜೊತೆ ನಕ್ಕೆ.

ಸಿರಿಲನಿಗೆ ಇದನ್ನು ಓದಿ ಹೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು.

ಹೆಪ್ಸಿ

*

ಆಲ್ಡರ್‌ಲೋ
೧೧ ಮೇ ೧೯೮೬

ಪ್ರೀತಿಯ ಡೋರಾ,

ನಿನ್ನಿಂದ ಕಾಗದವಿಲ್ಲ. ಬರುವುದೆಂದು ನಿರೀಕ್ಷಿಸುವ ಹಕ್ಕೂ ನನಗಿಲ್ಲ. ಬಾವಿ ಸಿಂಗಾರದ ಸುದ್ದಿಯನ್ನಾದರೂ ಹೇಳೋಣವೆಂದು ಕೂತೆ.

ಈ ಸಲದ ಚಿತ್ರ ಬೈಬಲಿನ ನೋಹನ ಹಡಗು, ಪ್ರಾಣಿಗಳೆಲ್ಲ ಹತ್ತಿದ್ದು. ಹಲಗೆಗಳನ್ನು ಕೊಳದಲ್ಲಿ ನೆನೆಹಾಕಿದ್ದರು, ಹುಡುಗರು ಬರಿಗಾಲಲ್ಲಿ ಉಪ್ಪು ಬೆರೆಸಿದ ಮಣ್ಣು ತುಳಿದರು. ಸಿರಿಲ್ ತುಳಿದಷ್ಟು ನುಣ್ಣಗೆ ಬರಲಿಲ್ಲ; ಒಂದು ಕಡೆ ಬಿರುಕು ಬಿಟ್ಟು ಜಿರಾಫೆಯ ಕತ್ತು ಉದುರಿತು. "ಆ ಮನುಷ್ಯ ಇದ್ದಿದ್ರೆ ಹೀಗಾಗ್ತಿರ್ಲಿಲ್ಲ" ಎಂದರು ಮಿಸೆಸ್ ಬ್ಯಾಗ್‌ಶಾ. ಎಲ್ಸಿ ಏನೋ ಹೇಳಲು ಬಾಯಿ ತೆರೆದಳು. ನಾನು ಎಸಳಿನ ಬುಟ್ಟಿ ಕೆಳಗಿಟ್ಟು, "ಎಲ್ಸಿ, ಅವನ ವಿಷಯದಲ್ಲಿ ಇನ್ನೊಂದ್ ಸಲ ನಕ್ರೆ ನಾನು ಈ ಬೆಂಚಲ್ಲಿ ಕೂರಲ್ಲ" ಎಂದೆ. "ಅಯ್ಯೋ, ಬರ್ದವ್ಳು ನೀನು, ನಕ್ಕವ್ಳು ಕೆಟ್ಟವ್ಳಾ?" ಅಂದಳು. ಅವಳು ಹೇಳಿದ್ದು ಸರಿಯೇ. ತಲೆ ತಗ್ಗಿಸಿ ಆನೆಯ ಕಿವಿಗೆ ಪಾಚಿ ಅಂಟಿಸುತ್ತಾ ಕೂತೆ. ನಿನ್ನ ಜಾಗದಲ್ಲಿ ಯಾರನ್ನೂ ಕೂರಿಸಲಿಲ್ಲ.

ಪ್ರಕಾಶಕರು ಇನ್ನೊಂದು ಪುಸ್ತಕ ಕೇಳಿದ್ದಾರೆ. ಉತ್ತರ ಬರೆದಿಲ್ಲ.

ಹೆಪ್ಸಿ

*

ಸ್ಕಾರ್ಬರೋ
೮ ಜೂನ್ ೧೯೮೬

ಅಕ್ಕಾ,

ಕೋಪ ಇಳಿದಿದೆ ಎಂದುಕೊಳ್ಳಬೇಡ. ಸಿರಿಲ್ ಬರೆಯಲು ಹೇಳಿದ್ದರಿಂದ ಬರೆಯುತ್ತಿದ್ದೇನೆ.

ಮೇ ತಿಂಗಳಲ್ಲಿ ಒಂದು ದಿನ ಇದ್ದಕ್ಕಿದ್ದಂತೆ, "ಆ ಪುಸ್ತಕ ಮತ್ತೆ ತಗೊಂಬಾ. ಇಲಿ, ಜ್ವರ ಎಲ್ಲ ಬೇಡ. ಹೆಪ್ಸಿ ಬರ್ದಿರೋದನ್ನ ಓದು" ಅಂದ. ಎಷ್ಟು ಹೇಳಿದರೂ ಬಿಡಲಿಲ್ಲ. ಮತ್ತೆ ಲೈಬ್ರರಿಗೆ ಹೋಗಿ ತಂದೆ. ಕೊನೆಯವರೆಗೂ ಓದಿದೆ, ಒಂದು ಅಕ್ಷರವನ್ನೂ ಬಿಡದೆ. ಮುಗಿದ ಮೇಲೆ ಅವನು ಕೇಳಿದ:

"ಆ ಹುಡುಗಿ ಎಸಳನ್ನ ಹಾಗೇ ಬಿಟ್ಟೋದ್ಳು. ನೀನು?"

"ಅದು ಕಥೆ ಮಾರಾಯ."

"ಡೋರಾ. ಹೋಗಿರೋದು ಕಣ್ಣು. ಆ ಅಧ್ಯಾಯ ಓದೋವಾಗ ನಿನ್ ಗಂಟಲು ಏನಾಯ್ತು ಅಂತ ನಂಗೆ ಕೇಳ್ಸಲ್ವಾ?"

ಇನ್ನು ಸುಳ್ಳು ಹೇಳಲು ಆಗಲಿಲ್ಲ. "ಮಗುಚಿಟ್ಟಿದ್ದೆ. ಆಮೇಲೆ ಹೋಗಿ ಸರಿ ಮಾಡ್ದೆ" ಅಂದೆ.

"ಯಾಕೆ?"

ಈ 'ಯಾಕೆ'ಯನ್ನು ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಅಡುಗೆಮನೆಯಲ್ಲಿ ನೀನೂ ಕೇಳಲಿಲ್ಲ ಅಕ್ಕಾ. ನನಗೆ ಆ ಬೆಳಿಗ್ಗೆ ನೆನಪಿತ್ತು. ಸಿರಿಲ್ ಮಣ್ಣು ತುಳಿದು ಬಂದು ಗೋಡೆಯ ಮೇಲೆ ಕೂತಿದ್ದ. ಉಪ್ಪು ತಗುಲಿ ಹಿಮ್ಮಡಿಯೆಲ್ಲ ಸೀಳಿತ್ತು. ಎಸಳು ಮಗುಚಿಟ್ಟು ಅವನ ಮುಂದೆಯೇ ಹಾದುಹೋದೆ. ಟೋಪಿ ಸವರುತ್ತಾ ಅವನು, 'ಮಣ್ಣು ಚೆನ್ನಾಗ್ ಹದ ಬಂದಿದೆ. ನಿನ್ ಎಸಳು ಒಂದೂ ಬೀಳಲ್ಲ' ಅಂದ. ನಾನು ಸ್ವಲ್ಪ ದೂರ ಹೋಗಿ, ತಿರುಗಿ ಬಂದೆ. ಇದನ್ನೆಲ್ಲ ಈಗ ಅವನಿಗೆ ಹೇಳಿದೆ.

"ಅಷ್ಟೇನಾ? ನಾನ್ ಅವತ್ತು ಅಷ್ಟೇ ಹೇಳಿದ್ನಾ?"

"ಅಷ್ಟೇ."

"ಇಡೀ ವಾರ ಬೇರೆ ಏನೋ ಹೇಳ್ಬೇಕು ಅಂತ ಕಟ್ಕೊಂಡ್ ಕೂತಿದ್ದೆ ಕಣೇ. ನೀನ್ ಬಂದ್ ತಕ್ಷಣ ಎಲ್ಲ ಮರ್ತೋಯ್ತು."

ಇಬ್ಬರೂ ನಕ್ಕೆವು. ಆಮೇಲೆ ನಾನು ಅತ್ತೆ.

ನಿನ್ನ ಏಪ್ರಿಲ್ ಕಾಗದವನ್ನು ಅವನಿಗೆ ಆಗ ಓದಿದೆ. ಪೆದ್ದನನ್ನಾಗಿ ಮಾಡಿದ್ದರ ಕಾರಣ ಕೇಳಿಸಿಕೊಂಡು, "ಅದು ಸರೀನೇ, ಇಲ್ಲಾಂದ್ರೆ ಹುಡುಗಿ ಹೊರಡ್ತಿರ್ಲಿಲ್ಲ" ಅಂದ. ಎಲ್ಸಿಯ ಮಾತು ಬಂದಾಗ ಟೋಪಿ ಸವರುತ್ತಿದ್ದ ಕೈ ನಿಂತಿತು. "ಹೆಪ್ಸಿನೂ ನಕ್ಳಾ?" ಎಂದು ಮಾತ್ರ ಕೇಳಿದ. ಹೂಂ ಅಂದೆ. ಎದ್ದು, ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋದ. ಅದನ್ನು ನೀನು ತಿಳಿದಿರಬೇಕು ಎಂದೇ ಬರೆಯುತ್ತಿದ್ದೇನೆ.

ಮರುದಿನ ಗಂಜಿ ಕುಡಿಯುತ್ತಾ, "ಹೆಪ್ಸಿಗೆ ಬರಿ. ಮುಂದಿನ್ ಪುಸ್ತಕದಲ್ಲಿ ಆ ಪೆದ್ದಂಗೇ ಹುಡುಗಿ ಸಿಗ್ಲಿ. ಲೈಬ್ರರಿಲಿ ಯಾರಾದ್ರೂ ತಗೊಂಡ್ ಹೋಗ್ತಾರಾ ನೋಡೋಣ" ಅಂದ.

ಹೇಳಿದ್ದನ್ನು ಬರೆದಿದ್ದೇನೆ. ಇದು ಅವನ ಮಾತು. ನನ್ನ ಮನಸ್ಸು ಇನ್ನೂ ಅಲ್ಲಿಗೆ ಬಂದಿಲ್ಲ.

ಡೋರಾ

*

ಆಲ್ಡರ್‌ಲೋ
೧೫ ಜೂನ್ ೧೯೮೬

ಪ್ರೀತಿಯ ಡೋರಾ, ಪ್ರೀತಿಯ ಸಿರಿಲ್,

ಇದನ್ನು ಇಬ್ಬರಿಗೂ ಬರೆಯುತ್ತಿದ್ದೇನೆ. ಡೋರಾ, ಒಂದಕ್ಷರವನ್ನೂ ಬಿಡದೆ ಗಟ್ಟಿಯಾಗಿ ಓದು.

ಸಿರಿಲ್, ಹೂಂ, ನಾನೂ ನಕ್ಕೆ. ಗೋಡೆ ಹಿಡಿದು ನೀನು ಹಿತ್ತಲಿಗೆ ಹೋದದ್ದು ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಹೋಗಲಿ ಎಂದು ಕೇಳುವುದೂ ಇಲ್ಲ. ಕಳೆದ ವಾರದ ಸಂಘದ ಸಭೆಯಲ್ಲಿ ಎದ್ದು ನಿಂತು, ಕಥೆ ಎಲ್ಲಿಂದ ಬಂತೆಂದು ನಾನು ಹೇಳಿದ್ದು ಸುಳ್ಳು, ಜೊಸಾಯನಲ್ಲಿ ನಗಬೇಕಾದದ್ದು ಏನಾದರೂ ಇದ್ದರೆ ಅದು ಬರೆದವಳ ಬುದ್ಧಿ ಎಂದೆ. ಎಸಳಿನ ಮಾತು ಎತ್ತಲಿಲ್ಲ, ಎತ್ತುವುದೂ ಇಲ್ಲ. ಯಾರೂ ನಗಲಿಲ್ಲ. ಮಿಸೆಸ್ ಬ್ಯಾಗ್‌ಶಾ ಕೆಮ್ಮಿ, ಮುಂದಿನ ವಿಷಯ ಜ್ಯಾಮ್ ಎಂದರು. ಅದರಿಂದ ನಿಮಗೇನೂ ಸಿಗುವುದಿಲ್ಲವೆಂದು ಗೊತ್ತು. ಆದರೂ ಹೇಳಿದೆ.

ಆಮೇಲೆ ಮನೆಗೆ ಬಂದು ಒಂದು ಹಾಳೆ ತೆಗೆದೆ. ಪೆದ್ದನಿಗೇ ಹುಡುಗಿ ಸಿಗುವ ಕಥೆಯ ಮೊದಲ ಸಾಲು ಬರೆಯೋಣವೆಂದು. ಒಬ್ಬನು ಬರಿಗಾಲಲ್ಲಿ ಮಣ್ಣು ತುಳಿಯುತ್ತಿದ್ದಾನೆ. ಏನನ್ನೋ ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಿದ್ದಾನೆ. ಹುಡುಗಿ ಬರುವ ಹೊತ್ತಾಯಿತು. ಅಲ್ಲಿಗೆ ಪೆನ್ನು ನಿಂತಿತು. ಏನು ಕಟ್ಟಿಕೊಳ್ಳುತ್ತಿದ್ದ ಎಂದು ನನಗೆ ಗೊತ್ತಿಲ್ಲ. ನಿನ್ನ ಮೇಜಿನಲ್ಲಿ ಇಷ್ಟು ವರ್ಷ ಉಂಡಿದ್ದೇನೆ ಸಿರಿಲ್, ನಿನ್ನ ಟೋಪಿಯನ್ನೂ ಕೈಯನ್ನೂ ನೋಡಿದ್ದೇನೆ, ಮನಸ್ಸಿನಲ್ಲೇನಿದೆ ಎಂದು ಒಂದು ಸಲವೂ ಕೇಳಿಲ್ಲ. ನಾನೇ ಏನಾದರೊಂದು ಚೆಂದದ ಮಾತು ಹೊಸೆದು ನಿನ್ನ ಬಾಯಿಗೆ ಹಾಕಬಹುದು. ಆ ಕೆಲಸ ನನಗೆ ಬರುತ್ತದೆ. ಈ ಸಲ ಮಾಡುವುದಿಲ್ಲ.

ಅದಕ್ಕೇ ಮೊದಲು ಕೇಳುತ್ತಿದ್ದೇನೆ. ಆ ವಾರವೆಲ್ಲ ಅವಳಿಗೆ ಏನು ಹೇಳಬೇಕೆಂದಿದ್ದೆ? ನೆನಪಿದ್ದು, ಹೇಳಲು ಮನಸ್ಸಿದ್ದರೆ ಮೊದಲು ಡೋರಾಗೆ ಹೇಳು. ಅದು ಅವಳಿಗೆ ಸೇರಬೇಕಾದ ಮಾತು. ಅದರಲ್ಲಿ ನನಗೆಷ್ಟು ಕೊಡುವುದೆಂದು ಅವಳೇ ನೋಡಲಿ. ಪೂರ್ತಿ ತನ್ನಲ್ಲೇ ಇಟ್ಟುಕೊಂಡರೆ ಪ್ರಕಾಶಕರಿಗೆ ಆಗುವುದಿಲ್ಲ ಎಂದು ಬರೆದುಹಾಕಿ, ಕೋಳಿಗಳ ಜೊತೆ ಮಾತಾಡಿಕೊಂಡು ಇರುತ್ತೇನೆ.

ಅಲ್ಲಿಯವರೆಗೆ ಇನ್ನೊಂದು ಸಾಲು ಬರೆಯುವುದಿಲ್ಲ. ಡೋರಾ, ಬೇಡ ಎಂಬ ಒಂದೇ ಮಾತಾದರೂ ಸರಿ, ನಿನ್ನ ಕೈಯಿಂದಲೇ ಬರಲಿ. ಬೇಗ ಬರೆ.

ನಿಮ್ಮ
ಹೆಪ್ಸಿ